ಪಂಚಮಿಗೆ ಬರುತ್ತೇನೆಂದ ರಾಜ

ಮೊನ್ನೆ ನವನಗರದ ನಮ್ಮ ಮನೆಯಲ್ಲಿ ಹೆಂಡತಿ ನಾಗರಪಂಚಮಿಯ ಉಂಡಿಗೆ ಶೇಂಗಾ ಹುರಿಯುತ್ತಿದ್ದಳು. ವಾಸನೆ ಹಿಡಿದು ಅಡುಗೆಮನೆಗೆ ಹೋದ ನನಗೆ ಒಂದು ಕಾಳೂ ಕೊಡದೆ ಕೇಳಿದಳು: "ಈ ವರ್ಷ ನಿಮ್ಮ ರಾಣೀದು ಫೋನ್ ಬಂದಿಲ್ಲಲ್ರಿ?"

ನಿಜ, ಬಂದಿರಲಿಲ್ಲ. ರಾಣಿ ಎಂದಕೂಡಲೇ ನೀವು ಬೇರೇನೋ ಅಂದುಕೊಳ್ಳಬೇಡಿ. ಅಂದುಕೊಳ್ಳುವ ಕಾಲವೊಂದಿತ್ತು, ಅದನ್ನು ನಾನೇ ಕೈಯಾರೆ ಕೆಡಿಸಿಕೊಂಡೆ.

ಗುಳೇದಗುಡ್ಡದ ಹೈಸ್ಕೂಲಿನಲ್ಲಿ ನಮಗೊಂದು ಹಳೆಯ ನಾಟಕ ಪಾಠಕ್ಕಿತ್ತು. ರಾಜ ಯಾರದೋ ಚಾಡಿ ಕೇಳಿ ರಾಣಿಯನ್ನು ಕಾಡಿಗೆ ಅಟ್ಟುತ್ತಾನೆ. ಅವಳು ತಲೆ ತಗ್ಗಿಸಿ ಹೋಗುತ್ತಾಳೆ. ಆ ವರ್ಷದವರೆಗೆ ನಮ್ಮ ಕನ್ನಡ ಮಾಸ್ತರರು ನಾಟಕವನ್ನೂ ನಾವು ತೂಕಡಿಸುವ ಹಾಗೆಯೇ ಓದುತ್ತಿದ್ದರು. ಎಲ್ಲಿಯೋ ತರಬೇತಿಗೆ ಹೋಗಿ ಬಂದವರೇ ಬೆಂಚುಗಳನ್ನು ಗೋಡೆಗೆ ತಳ್ಳಿಸಿ, ನಾಟಕವೆಂದರೆ ಓದುವುದಲ್ಲ, ಆಡುವುದು ಎಂದು ಸಾರಿದರು. ಅವರು ಚಪ್ಪಾಳೆ ತಟ್ಟಿದರೆ ಆಟ ನಿಲ್ಲಬೇಕು. ಯಾರು ಬೇಕಾದರೂ ಪಾತ್ರವನ್ನು ಪ್ರಶ್ನೆ ಕೇಳಬಹುದು. ಪಾತ್ರ ಪುಸ್ತಕ ನೋಡದೆ ಉತ್ತರಿಸಬೇಕು. ಇದು ಶಾಲೆಯೋ ಸಂತೆಯೋ ಎಂದು ಪಕ್ಕದ ಕೋಣೆಯ ಗಣಿತದ ಮಾಸ್ತರರು ಬಂದು ಇಣುಕಿ ಹೋದರು.

ರಾಣಿಯಾದವಳು ಗಿರಿಜಾ, ನೇಕಾರರ ಮನೆಯ ಹುಡುಗಿ, ಅಣ್ಣ ತಮ್ಮ ಯಾರೂ ಇಲ್ಲದವಳು. ಅವಳು ರಾಣಿಯೆಂದು ಗೊತ್ತಾದದ್ದೇ ತಡ, ರಾಜನಾಗಲು ನಾನು ಎದ್ದು ನಿಂತೆ. ಮೀಸೆ ಇನ್ನೂ ಮೂಡಿರಲಿಲ್ಲ, ಪ್ರೀತಿ ಮೂಡಿತ್ತು. ಇದ್ದಿಲಿನಿಂದ ಮೀಸೆ ಬರೆದುಕೊಂಡು "ನಡೆ ಕಾಡಿಗೆ" ಎಂದು ಗುಡುಗಿದೆ.

ಗಿರಿಜಾ ಜಗ್ಗಲಿಲ್ಲ. ಮಾಸ್ತರರು ಪುಸ್ತಕ ತೋರಿಸಿದರು. ಅವಳು ಅದರತ್ತ ನೋಡಲೂ ಇಲ್ಲ.

"ಮನಿ ಬಿಟ್ಟು ಹೊಂಟ ಹೆಣ್ಣಮಗಳನ್ನ ಉಡಿ ತುಂಬದ ಕಳಸ್ತಾರೇನ್ರಿ, ಸರ್?"

ಹುಡುಗಿಯರೆಲ್ಲ ಅವಳ ಪಕ್ಷ. ಮಾಸ್ತರರಿಗೆ ಹಿಗ್ಗೋ ಹಿಗ್ಗು, ಚಪ್ಪಾಳೆ ತಟ್ಟೇಬಿಟ್ಟರು. ಅಕ್ಕಿಯ ಬದಲು ಚಾಕ್‌ಪೀಸು, ಕೊಬ್ಬರಿಯ ಬದಲು ಡಸ್ಟರು ಹಾಕಿ ಹುಡುಗಿಯರು ಉಡಿ ತುಂಬಿದರು. ಆಮೇಲೆ ನನ್ನ ವಿಚಾರಣೆ. ಉಡಿ ತುಂಬಿ ಕಳಿಸಿದ ಮೇಲೆ ಕರೆಯಲು ಬರಲೇಬೇಕಲ್ಲ, ಯಾವಾಗ ಬರುತ್ತೀ ಎಂದು ಇಡೀ ತರಗತಿ ನನ್ನ ಮೇಲೆ ಮುಗಿಬಿತ್ತು. ಪುಸ್ತಕದ ರಾಜನ ಬಳಿ ಇದಕ್ಕೆ ಉತ್ತರವಿರಲಿಲ್ಲ. ನನ್ನ ತಲೆಗೆ ಹೊಳೆದದ್ದು ನಮ್ಮಪ್ಪ ಸೋದರತ್ತೆಯನ್ನು ಕರೆತರುತ್ತಿದ್ದ ಹಬ್ಬವೊಂದೇ.

"ಪಂಚಮಿಗೆ ಬರ್ತೇನಿ" ಅಂದೆ.

ಹೆಂಚು ಹಾರಿಹೋಗುವಷ್ಟು ನಗು. ಪಂಚಮಿಗೆ ಕರೆಯಲು ಬರುವವನು ಅಣ್ಣ, ಗಂಡನಲ್ಲ! ಗಿರಿಜಾ ನಕ್ಕು ನಕ್ಕು ಡಸ್ಟರು ಬೀಳಿಸಿ, "ಹಂಗಾರ ಹೋಗಿ ಬರ್ತೇನೋ ಅಣ್ಣಾ" ಎಂದು ಕಾಡಿಗೆ ಹೋದಳು. ಅವತ್ತು ನಾನು ರೊಟ್ಟಿ ಮುಟ್ಟಲಿಲ್ಲ. ನಮ್ಮವ್ವ ಜ್ವರವೆಂದು ತಿಳಿದು ಕಷಾಯ ಕುಡಿಸಿದಳು.

ಗಿರಿಜಾ ಇಳಕಲ್ಲಿಗೆ ಮದುವೆಯಾಗಿ ಹೋದ ಮೇಲೂ ಪ್ರತಿ ಪಂಚಮಿಗೆ ಅವಳ ಫೋನು: ರಾಜಾ, ಕರಿಯಾಕ ಯಾವಾಗ ಬರ್ತಿ? ಮುಂದಿನ ವರ್ಷ ಎನ್ನುತ್ತಿದ್ದೆ ನಾನು. ಇಬ್ಬರೂ ನಗುತ್ತಿದ್ದೆವು. ಅವಳನ್ನು ಕರೆತರಲು ಅವಳ ತಾಯಿಯೇ ಬಸ್ಸು ಹತ್ತಿ ಹೋಗುತ್ತಿದ್ದರು. ಆ ತಾಯಿ ಈ ಬೇಸಿಗೆಯಲ್ಲಿ ತೀರಿಕೊಂಡರು.

ಫೋನು ಯಾಕೆ ಬಂದಿಲ್ಲವೆಂದು ಒಲೆಯ ಮುಂದೆ ನಿಂತಾಗಲೇ ಹೊಳೆಯಿತು. ಈ ಸಲ ಕೇಳಿದರೆ ಅದು ಚೇಷ್ಟೆ ಆಗುವುದಿಲ್ಲ. ಮರುದಿನ ಇಳಕಲ್ಲಿನ ಬಸ್ಸು ಹತ್ತಿದೆ.

ಬಾಗಿಲಲ್ಲಿ ಅವಳ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಯಾರೆಂದು ಕೇಳಿದರು. ಗಿರಿಜಾಳನ್ನು ಪಂಚಮಿಗೆ ಕರೆಯಲು ಬಂದ ಅಣ್ಣ ಎಂದೆ. ಮೀಸೆ ಈಗ ನಿಜವಾದದ್ದೇ. ಅತ್ತೆ ಒಳಗೆ ತಿರುಗಿ ಕೇಳಿದರು: "ನಿನಗ ಅಣ್ಣ ಎಲ್ಲಿ ಅದಾನವಾ?"

ಗಿರಿಜಾ ಹೊರಬಂದು ನನ್ನನ್ನು ನೋಡಿದಳು. ನಗಲಿಲ್ಲ.

"ಅದಾನ್ರಿ ಅತ್ತೀ. ಬರೂದು ಭಾಳ ತಡ ಆತು" ಎಂದು ಚೀಲ ತರಲು ಒಳಗೆ ಹೋದಳು.