ಇಳಿಜಾರಿನ ನೆತ್ತಿಯಲ್ಲಿ ಹತ್ತು ನಿಮಿಷ

ಲಾರಿ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಹತ್ತು ನಿಮಿಷ’ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸಿಮೆಂಟು ಹೇರಿಕೊಂಡು ಬರುವ ಕಂಪನಿಯ ಬೇರೆ ಲಾರಿಗಳೆಲ್ಲ ಬೆಟ್ಟದ ಮೇಲಿನ ಊರು ದಾಟಿ ಸೀದಾ ಇಳಿಜಾರಿಗೆ ಬೀಳುತ್ತಿದ್ದರೆ, ಇವನ ಲಾರಿ ಮಾತ್ರ ಊರ ಕೊನೆಯ ಟೀ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಎಂಜಿನ್ ಆರಿಸುತ್ತಿರಲಿಲ್ಲ. “ಹತ್ತು ನಿಮಿಷ, ಹೊರಟೆ” ಎನ್ನುತ್ತ ಲಾರಿಯ ಪಕ್ಕದಲ್ಲೇ ನಿಂತು ಟೀ ಹೀರುವನು. ಡೀಸೆಲ್ ಸುಡುವ ಸೋಮಾರಿ ಎಂದು ಕೆಲವರೆಂದರು. ಟೀ ಅಂಗಡಿಯವಳ ಮೇಲೆ ಕಣ್ಣು ಎಂದು ಇನ್ನು ಕೆಲವರೆಂದರು. ಆ ಅಜ್ಜಿಗೆ ಎಪ್ಪತ್ತು ದಾಟಿತ್ತು, ಆದರೆ ಬಾಯಿ ಚಪಲದವರಿಗೆ ಅದೇನು ಅಡ್ಡಿ? ಇವನು ಎಲ್ಲವನ್ನೂ ಕೇಳಿಸಿಕೊಂಡು ನಕ್ಕು ಸುಮ್ಮನಾಗುತ್ತಿದ್ದ. ಹಾಗೆ ನಕ್ಕು ಸುಮ್ಮನಾದದ್ದೇ ತಪ್ಪಾಯಿತು.

ನಿಜ ಸಂಗತಿ ಬೇರೆ ಇತ್ತು. ಅವನ ಲಾರಿ ಹಳೆಯದು, ಗಾಳಿಯ ಬಲದಿಂದ ಬ್ರೇಕು ಹಿಡಿಯುವಂಥದ್ದು. ಟ್ಯಾಂಕಿನಲ್ಲಿ ಗಾಳಿ ಇದ್ದರೆ ಬ್ರೇಕು ಉಂಟು, ಇಲ್ಲದಿದ್ದರೆ ದೇವರೇ ಗತಿ. ಆ ಟ್ಯಾಂಕಿನಿಂದ ಗಾಳಿ ಎಲ್ಲೋ ಸೋರುತ್ತಿತ್ತು. ಬೆಟ್ಟದೂರಿನ ಇಕ್ಕಟ್ಟು ಬೀದಿಯಲ್ಲಿ ಬ್ರೇಕು ಒತ್ತಿ ಒತ್ತಿ ಮುಂದೆ ಬರುವಷ್ಟರಲ್ಲಿ ಅರ್ಧ ಗಾಳಿ ಖಾಲಿ. ಎಷ್ಟು ಉಳಿದಿದೆ ಎಂದು ನೋಡೋಣವೆಂದರೆ, ಅದನ್ನು ತೋರಿಸುವ ಮುಳ್ಳು, ಟ್ಯಾಂಕು ತುಂಬಿದೆ ಎನ್ನುವ ಎಂಟರ ಮೇಲೆ ಸಿಕ್ಕಿಕೊಂಡು ವರ್ಷವಾಗಿತ್ತು. ಗಾಳಿ ಇದ್ದರೂ ಎಂಟು, ಇಲ್ಲದಿದ್ದರೂ ಎಂಟು. ಹಾಗಾಗಿ ಅವನು ನೆತ್ತಿಯಲ್ಲಿ ನಿಂತು, ಎಂಜಿನ್ ಓಡಿಸುತ್ತ ಗಾಳಿ ತುಂಬಿಸಿಕೊಳ್ಳುತ್ತಿದ್ದ. ತುಂಬಿದಾಗ ಲಾರಿಯ ಅಡಿಯಿಂದ ‘ಟಸ್’ ಎಂದು ಒಂದು ಸದ್ದು ಬರುತ್ತಿತ್ತು. ಅದು ಕಿವಿಗೆ ಬಿದ್ದ ಮೇಲೆಯೇ ಲೋಟ ಕೆಳಗಿಡುವನು.

ಇದನ್ನು ಅವನು ಶೆಡ್ಡಿಗೆ ಹೇಳಲಿಲ್ಲವೇ? ಹೇಳಿದ, ಒಂದಲ್ಲ ಮೂರು ಸಲ. ದಿನಾ ಸಂಜೆ ಲಾರಿ ಒಪ್ಪಿಸುವಾಗ ಡ್ರೈವರು ಒಂದು ಚೀಟಿ ತುಂಬಿ ಸಹಿ ಹಾಕಬೇಕು. ‘ದೂರು’ ಎಂಬ ಜಾಗದಲ್ಲಿ ಏನಾದರೂ ಬರೆದರೆ ಲಾರಿಯನ್ನು ಶೆಡ್ಡಿನಲ್ಲಿ ತಡೆಹಿಡಿಯುತ್ತಾರೆ, ರಿಪೇರಿ ಮೇಸ್ತ್ರಿ ಸಹಿ ಹಾಕುವವರೆಗೆ ಬಿಡುವುದಿಲ್ಲ. ಅಷ್ಟೂ ದಿನ ಡ್ಯೂಟಿ ಹೊತ್ತಿನಲ್ಲಿ ಡ್ರೈವರು ಅಲ್ಲೇ ಬೆಂಚಿನ ಮೇಲೆ ಕೂತಿರಬೇಕು. ಬೇರೆ ಗಾಡಿ ಕೊಡುವುದಿಲ್ಲ, ಮನೆಗೂ ಬಿಡುವುದಿಲ್ಲ, ಆ ದಿನಗಳನ್ನು ಕೆಲಸವೆಂದೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಥ ನಿಯಮ ಮಾಡಿದ ಪುಣ್ಯಾತ್ಮ ಯಾರೋ, ಅವನನ್ನು ಒಂದು ದಿನ ಆ ಬೆಂಚಿನ ಮೇಲೆ ಕೂರಿಸಬೇಕಿತ್ತು. ಒಂದು ಕಾಲು ಮೋಟಾದ ಬೆಂಚು, ಅಡಿಗೆ ಹಳೇ ಟಯರಿನ ತುಂಡು ಕೊಟ್ಟು ನಿಲ್ಲಿಸಿದ್ದರು. ಶೆಡ್ಡು ಅದನ್ನೂ ರಿಪೇರಿ ಮಾಡಿರಲಿಲ್ಲ.

ಮೊದಲ ಸಲ ಎರಡು ದಿನ ಕೂತ. ಮೇಸ್ತ್ರಿ ಕಾಟಾಚಾರಕ್ಕೆ ಒಂದು ಪೈಪು ತಟ್ಟಿ ಕಳಿಸಿದ. ಎರಡನೇ ಸಲ ಸಾಮಾನು ಬಂದಿಲ್ಲವೆಂದ. ಮೂರನೇ ಸಲ, ಗಾಳಿ ಇಳಿದಾಗ ಕೂಗುವ ಎಚ್ಚರಿಕೆಯ ಗಂಟೆ ಬಿಡದೆ ಕೂಗುತ್ತಿದೆ ಎಂದು ಇವನು ಬರೆದ. ಆಗಲೂ ಮೂರು ದಿನ ಬೆಂಚು. ಮನೆಯಲ್ಲಿ ಮಗಳಿಗೆ ಜ್ವರ ಏರಿ ಹೆಂಡತಿ ಒಬ್ಬಳೇ ಆಸ್ಪತ್ರೆಗೆ ಓಡಾಡಿದಳು. ಮೂರನೇ ದಿನ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದ.

“ಆಯ್ತು ತಗೋ, ಇನ್ಮೇಲೆ ಕೂಗಲ್ಲ.”

ಇವನು ಬಗ್ಗಿ ನೋಡಿದರೆ, ಗಂಟೆಯ ವೈರನ್ನೇ ಕತ್ತರಿಸಿದ್ದ.

“ಇದೇನ್ರೀ ಇದು?” ಎಂದ.

“ಕೂಗ್ತಾ ಇತ್ತು ಅಂತ ತಾನೇ ನೀನು ಬರ್ದಿದ್ದು? ಈಗ ಕೂಗುತ್ತಾ? ಮೇಲಿನೋರು ಸಾಮಾನು ಕೊಡಲ್ಲ, ಗಾಡಿ ಮಾತ್ರ ಹೊರಗೆ ಹೋಗ್ಬೇಕು ಅಂತಾರೆ. ನಾನೇನು ನನ್ನ ತಲೆ ಬಿಚ್ಚಿ ಹಾಕ್ಲಾ?”

ಅಂದಿನಿಂದ ಅವನು ಬರೆಯುವುದನ್ನೇ ಬಿಟ್ಟ. ಹನ್ನೊಂದು ತಿಂಗಳು, ದಿನಾ ಸಂಜೆ, ‘ದೂರು ಇಲ್ಲ’ ಎಂದು ಬರೆದು ಸಹಿ ಹಾಕಿದ. ಕೈಯಿಂದ ಆಗದ್ದನ್ನು ಕಿವಿಯಿಂದ ನಿಭಾಯಿಸುತ್ತೇನೆ ಎಂಬ ಸಣ್ಣ ಜಂಬವೂ ಇತ್ತು ಎನ್ನಿ. ಆ ಲಾರಿ ತನ್ನೊಬ್ಬನ ಕೈಯಲ್ಲೇ ಇರುವವರೆಗೆ ಯಾರಿಗೇನು ತೊಂದರೆ ಎಂದುಕೊಂಡಿದ್ದ.

ಒಂದು ದಿನ ಅದು ಬೇರೆಯವರ ಕೈಗೆ ಹೋಗಬೇಕಾಯಿತು. ಹೆಂಡತಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ನಿಗದಿಯಾಗಿತ್ತು. ಬದಲಿ ಡ್ರೈವರು ಸಿಕ್ಕರೆ ಮಾತ್ರ ರಜೆ ಎಂದರು. ತನ್ನ ವಾರದ ರಜೆ ಬಿಟ್ಟು ಬರುತ್ತೇನೆಂದು ಮುಂದೆ ಬಂದವನು ಹೆಂಡತಿಯ ತಮ್ಮ. ಆ ಭಾಮೈದನನ್ನು ಕಂಪನಿಗೆ ಸೇರಿಸಿದವನು ಇವನೇ. ಸ್ಟಿಯರಿಂಗ್ ಹಿಡಿಯಲು ಕಲಿಸಿದವನೂ ಇವನೇ. ಕಲಿಸುವಾಗ ಹೇಳಿದ ಮೊದಲ ಮಾತು, “ಗಾಡೀಲಿ ಏನೇ ಇದ್ರೂ ಚೀಟೀಲಿ ಬರೀಬೇಕು. ಬಾಯಲ್ಲಿ ಹೇಳಿದ್ದು ಗಾಳೀಲಿ ಹೋಗುತ್ತೆ.”

ಲಾರಿಯ ಕೀಲಿ ಇವನ ಹತ್ತಿರವೇ ಇರುತ್ತಿತ್ತು. ಬೆಳಿಗ್ಗೆ ಭಾಮೈದ ಅದಕ್ಕಾಗಿ ಮನೆ ಬಾಗಿಲಿಗೆ ಬಂದ. ಆಟೋ ಬಂದು ನಿಂತಿತ್ತು, ಹೆಂಡತಿ ಬ್ಯಾಗು ಹಿಡಿದು ಆಗಲೇ ಕೂತಿದ್ದಳು. ಇವನು ಕೀಲಿ ಕೊಡುತ್ತ ಎಡಗಡೆ ಬಾಗಿಲನ್ನು ಎತ್ತಿ ಎಳೆಯಬೇಕೆಂದ. ಸೀಟಿನ ಸ್ಪ್ರಿಂಗು ಚುಚ್ಚುತ್ತದೆ, ಗೋಣಿಚೀಲ ಹಾಕಿಕೋ ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು, “ಇನ್ನೊಂದು. ಇಳಿಜಾರಿನ ನೆತ್ತಿ ಇದೆಯಲ್ಲ, ಅಲ್ಲಿ…” ಎಂದು ಶುರು ಮಾಡಿದ.

“ಗೊತ್ತು ಬಿಡಿ ಭಾವ! ಅಲ್ಲಿ ಹತ್ತು ನಿಮಿಷ ನಿಂತು ಅಜ್ಜಿ ಕೈಯಿಂದ ಟೀ ಕುಡೀಬೇಕು, ಅಷ್ಟೇ ತಾನೆ? ಅಕ್ಕನ ಎದುರಿಗೇ ಹೇಳ್ತೀರಲ್ಲ, ಧೈರ್ಯ ಮೆಚ್ಬೇಕು!”

ಆಟೋದೊಳಗಿಂದ ಹೆಂಡತಿ ಹೊಟ್ಟೆ ಹಿಡಿದುಕೊಂಡೇ ನಕ್ಕಳು. ಆಟೋದವನೂ ನಕ್ಕ. ಇವನೂ ನಕ್ಕುಬಿಟ್ಟ.

ಆ ನಗು ನಿಂತ ಮೇಲೆ ಹೇಳಬಹುದಿತ್ತು. ಅರ್ಧ ನಿಮಿಷ ಸಾಕಾಗಿತ್ತು. ಆದರೆ ಮುಳ್ಳು ಕೆಟ್ಟಿದೆ ಎಂದರೆ ಎಂದಿನಿಂದ ಎಂದು ಕೇಳುತ್ತಾನೆ. ಎಂದಿನಿಂದ ಎಂದರೆ ಚೀಟಿಯಲ್ಲಿ ಬರೆದಿಲ್ಲವೇ ಎಂದು ಕೇಳುತ್ತಾನೆ. ತಾನು ಪಾಠ ಹೇಳಿಕೊಟ್ಟ ಹುಡುಗನ ಮುಂದೆ, ಹನ್ನೊಂದು ತಿಂಗಳು ಸುಳ್ಳಿಗೆ ಸಹಿ ಹಾಕಿದೆ ಎನ್ನಲು ನಾಲಿಗೆ ಏಳಲಿಲ್ಲ. ಹೇಗೂ ನಿಲ್ಲಿಸುತ್ತೇನೆ ಎಂದನಲ್ಲ, ನಿಲ್ಲಿಸಿದರೆ ಗಾಳಿ ತುಂಬುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಆಟೋ ಹತ್ತಿದ.

ಭಾಮೈದ ನಿಲ್ಲಿಸಲಿಲ್ಲ. ತಮಾಷೆಗೆ ಹೇಳಿದ್ದನ್ನು ಯಾರು ಪಾಲಿಸುತ್ತಾರೆ? ಎರಡನೇ ತಿರುವಿನಲ್ಲಿ ಬ್ರೇಕು ಒತ್ತಿದರೆ ಕಾಲು ಸುಮ್ಮನೆ ಕೆಳಗಿಳಿಯಿತು. ಎದುರಿನಿಂದ ಜನ ತುಂಬಿದ ಬಸ್ಸು ಬರುತ್ತಿತ್ತು. ಅವನು ಲಾರಿಯನ್ನು ಬಂಡೆಯ ಕಡೆಗೆ ತಿರುಗಿಸಿದ. ಬಸ್ಸಿನಲ್ಲಿದ್ದವರಿಗೆ ಒಂದು ಗೀರೂ ಆಗಲಿಲ್ಲ. ಅವನ ಬಲಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಅಕ್ಕ ತಮ್ಮ ಇಬ್ಬರೂ ಒಂದೇ ದಿನ ಒಂದೇ ಆಸ್ಪತ್ರೆಯಲ್ಲಿ, ಒಬ್ಬರು ಮೇಲಿನ ಮಹಡಿಯಲ್ಲಿ, ಒಬ್ಬರು ಕೆಳಗೆ. ಇವನು ಎರಡು ಮಹಡಿಗಳ ನಡುವಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

ಹದಿನೈದು ದಿನಕ್ಕೆ ಕಂಪನಿಯ ವಿಚಾರಣೆ. ಲಾರಿಯ ದೋಷವೆಂದಾದರೆ ಭಾಮೈದನನ್ನು ಕಂಪನಿಯೇ ನೋಡಿಕೊಳ್ಳಬೇಕು, ಗೇಟಿನಲ್ಲೋ ಗೋದಾಮಿನಲ್ಲೋ ಕೂತು ಮಾಡುವ ಕೆಲಸ ಕೊಡಬೇಕು. ಡ್ರೈವರನ ತಪ್ಪೆಂದಾದರೆ ಮನೆಗೆ. ಮೇಸ್ತ್ರಿ ಬಂದು ಹುಡುಗ ಸ್ಪೀಡಾಗಿ ಇಳಿಸಿದ್ದಾನೆ ಎಂದು ಕೈ ತೊಳೆದುಕೊಂಡ. ಮ್ಯಾನೇಜರು ಅಪಘಾತದ ಹಿಂದಿನ ದಿನದ ಚೀಟಿಯನ್ನು ಮೇಜಿನ ಮೇಲಿಟ್ಟರು.

“ಇದು ನಿಮ್ಮ ಸಹಿನಾ?”

“ಹೌದು ಸಾರ್.”

“ದೂರು ಇಲ್ಲ ಅಂತ ಬರ್ದಿರೋದು ನೀವೇನಾ?”

“ಹೌದು ಸಾರ್.”

“ಸರಿ, ನೀವು ಹೋಗ್ಬಹುದು.”

ಇನ್ನೊಂದು ಪ್ರಶ್ನೆ ಕೇಳುತ್ತಾರೆಂದು ಅವನು ಅಲ್ಲೇ ನಿಂತ. ಕೇಳಿದ್ದರೆ ಹೇಳುತ್ತಿದ್ದನೋ ಏನೋ. ಅವರು ಕೇಳಲಿಲ್ಲ, ಇವನು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದ. ಭಾಮೈದನ ಕೆಲಸ ಹೋಯಿತು.

ನಾಲ್ಕು ತಿಂಗಳು ಆ ಮಾತು ಹೊಟ್ಟೆಯಲ್ಲೇ ಕೊಳೆಯಿತು. ಕೊನೆಗೆ ಒಂದು ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದ. ಅವಳು ಕೈ ತೊಳೆದು ಬಂದು, “ನಂಗ್ಯಾಕೆ ಹೇಳ್ತೀರಿ? ಹೇಳ್ಬೇಕಾದಲ್ಲಿ ಹೋಗಿ ಹೇಳಿ” ಎಂದಳಷ್ಟೇ.

ಮೊದಲು ಆಫೀಸಿಗೆ ಹೋದ. ಗಾಳಿ, ಮುಳ್ಳು, ಕತ್ತರಿಸಿದ ವೈರು, ಹನ್ನೊಂದು ತಿಂಗಳ ಚೀಟಿ, ಒಂದನ್ನೂ ಬಿಡದೆ ಹೇಳಿದ. ಮ್ಯಾನೇಜರು ಕೇಳಿಸಿಕೊಂಡರು.

“ಲಾರಿ ಗುಜರಿಗೆ ಹೋಗಿ ಮೂರು ತಿಂಗಳಾಯ್ತಲ್ರೀ. ಫೈಲೂ ಮುಗೀತು. ಈಗ ಯಾವ ಮುಳ್ಳನ್ನ ನೋಡೋದು? ಅವತ್ತು ನಿಮ್ಮನ್ನ ಕರೆಸಿದ್ದೆವಲ್ಲ, ಯಾಕೆ ಹೇಳ್ಲಿಲ್ಲ?”

ಅವನು ಕೈಮುಗಿದು ಹೊರಗೆ ಬಂದ.

ಅಲ್ಲಿಂದ ಭಾಮೈದನ ಮನೆಗೆ ನಡೆದುಕೊಂಡೇ ಹೋದ. ಅವನು ಕುರ್ಚಿಯಲ್ಲಿ ಕೂತು ಟಿವಿ ನೋಡುತ್ತಿದ್ದ, ಊರುಗೋಲು ಗೋಡೆಗೆ ಒರಗಿತ್ತು. “ಬನ್ನಿ ಭಾವ” ಎಂದು ಟಿವಿಯ ಸದ್ದು ತಗ್ಗಿಸಿದ. ಇವನು ನಿಂತೇ ಹೇಳಿದ. ಬಾಗಿಲಲ್ಲಿ ಎಲ್ಲರೂ ನಕ್ಕದ್ದನ್ನೂ, ಆಮೇಲೆ ತಾನು ಹೇಳದೆ ಉಳಿದದ್ದನ್ನೂ ಹೇಳಿದ.

“ನೆತ್ತಿ ಮೇಲೆ ನಂಗೂ ಅನುಮಾನ ಬಂದಿತ್ತು ಭಾವ,” ಎಂದ ಭಾಮೈದ. “ಅಷ್ಟು ಸಲ ಬ್ರೇಕ್ ಒತ್ತಿದೀನಿ, ಈ ಮುಳ್ಳು ಒಂಚೂರೂ ಅಲ್ಲಾಡ್ತಿಲ್ವಲ್ಲ ಅನ್ನಿಸ್ತು. ನಿಲ್ಸಿ ನೋಡೋಣ ಅಂತ ಸೈಡಿಗೂ ತಗೊಂಡೆ. ಆಮೇಲೆ ಅಂದ್ಕೊಂಡೆ, ಏನಾದ್ರೂ ಇದ್ದಿದ್ರೆ ಭಾವ ಹೇಳದೇ ಇರ್ತಿದ್ರಾ ಅಂತ.”

ಅಷ್ಟು ಹೇಳಿ ಅವನು ಮತ್ತೆ ಟಿವಿಯ ಕಡೆಗೆ ತಿರುಗಿದ.