ಮೈಸಮ್ಮನ ಹೆಬ್ಬೆರಳ ಉಗುರು

ಇಟಿಕ್ಯಾಲದ ಆಚೀಚೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಕೈ ನೋಡಿ ಕೆಲಸ ಕೊಡುವವಳೆಂದರೆ ಮೈಸಮ್ಮ ಒಬ್ಬಳೇ. ಇಡೀ ಕೈಯನ್ನೇನೂ ನೋಡುತ್ತಿರಲಿಲ್ಲ ಅನ್ನಿ, ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕಿದ್ದರೆ ಸಾಕು. ಬೀಜದ ಹತ್ತಿ ಹೊಲದಲ್ಲಿ ಮಧ್ಯಾಹ್ನದ ಹೊತ್ತು, ನಾಳೆ ಅರಳುವ ಮೊಗ್ಗನ್ನು ಹಿಡಿದು ಆ ಉಗುರಿನಿಂದ ಸುತ್ತ ಒಂದು ಗೀರು ಎಳೆದು, ಎಸಳನ್ನೂ ಗಂಡು ಕೇಸರವನ್ನೂ ಒಂದೇ ಏಟಿಗೆ ಸುಲಿದು ತೆಗೆಯಬೇಕು. ಒಳಗಿನ ಹೆಣ್ಣು ಕಡ್ಡಿಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ಕಿತ್ತು ತಂದು ಅದಕ್ಕೆ ಸವರಬೇಕು. ಸವರುವುದಕ್ಕೆ ಉಗುರು ಬೇಡ, ಯಾರಾದರೂ ಸವರಬಹುದು. ಸವರದೆ ಬಿಟ್ಟರೆ ಮಾತ್ರ ಮೊಗ್ಗು ಉದುರಿತು ಅಂತಲೇ ಲೆಕ್ಕ. ಈ ಎರಡು ದಿನದ ಕೆಲಸಕ್ಕೆ ಅಲ್ಲಿ ಕ್ರಾಸಿಂಗ್ ಅನ್ನುತ್ತಾರೆ.

ಮೈಸಮ್ಮ ಕ್ರಾಸಿಂಗ್ ತಂಡದ ಮೇಸ್ತ್ರಿ. ಆಟೋದಲ್ಲಿ ಹುಡುಗಿಯರನ್ನು ಕರೆದೊಯ್ದು ಹೊತ್ತು ಮುಳುಗುವುದರೊಳಗೆ ಒಬ್ಬೊಬ್ಬರನ್ನೂ ಅವರವರ ಮನೆ ಬಾಗಿಲಿಗೆ ಬಿಡುತ್ತಿದ್ದಳು. "ಮೈಸಕ್ಕನ ಸಂಗಡ ಹೋದ್ರ ಚಿಂತಿಲ್ಲ" ಎಂಬ ಮಾತು ಆ ಊರಲ್ಲಿ ದೊಡ್ಡ ಮಾತು. ಬಾಯಿ ಮಾತ್ರ ಜೋರು. ಹಂಗಾಮು ಶುರುವಾದ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಕೈ ಚಾಚ್ರಿ! ಉಗುರಿಲ್ದಾಕಿ ನನ್ನ ಆಟೋ ಹತ್ತಂಗಿಲ್ಲ ನೋಡ್ರಿ" ಎಂದು ಗದರುತ್ತಿದ್ದಳು.

ಅವಳೇ ಈ ಕೆಲಸಕ್ಕೆ ಬಂದದ್ದು ನಾಲ್ಕನೇ ಕ್ಲಾಸಿನಲ್ಲಿ. ಹೊಲದ ಯಜಮಾನರೊಬ್ಬರು ಮನೆಗೆ ಬಂದವರು ಅವಳ ಹೆಬ್ಬೆರಳು ಹಿಡಿದು, "ಈ ಕೂಸಿನ ಉಗುರು ಭಾಳ ಚಲೋ ಐತಿ" ಅಂದರು. ಅಪ್ಪ ಹಿಗ್ಗಿಹೋದ. ಆಮೇಲೆ ಶಾಲೆಯ ಗಂಟೆಯನ್ನು ಅವಳು ಹೊಲದಿಂದಲೇ ಕೇಳಿದಳು. ಇದನ್ನು ಅವಳು ಯಾರ ಮುಂದೆಯೂ ಹೇಳಿಕೊಂಡು ಅತ್ತವಳಲ್ಲ. ಸಿಟ್ಟು ಬಂದಾಗ ಮಾತ್ರ ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು.

ಮಗಳು ಝಾನ್ಸಿ ಒಂಬತ್ತನೇ ಕ್ಲಾಸು. ಬೆಳಿಗ್ಗೆ ಶಾಲೆ, ಹಂಗಾಮಿನಲ್ಲಿ ಮಧ್ಯಾಹ್ನ, ಶನಿವಾರ ಭಾನುವಾರ ಇಡೀ ದಿನ ಅವ್ವನ ಆಟೋ. ಈ ನಡುವೆ ಉಮಾಶ್ರೀ ಎಂಬ ಆಟದ ಮೇಡಂ ಆ ಶಾಲೆಗೆ ಬಂದರು. ಗಾಳಿ ಕಮ್ಮಿಯಿದ್ದ ಎರಡು ಫುಟ್ಬಾಲ್ ಚೆಂಡು ತಂದು ಹುಡುಗಿಯರನ್ನು ಮೈದಾನಕ್ಕೆ ಇಳಿಸಿಯೇಬಿಟ್ಟರು. ಮೊದಮೊದಲು ನಾಲ್ಕೇ ಜನ, ಚೂಡಿದಾರದ ಪ್ಯಾಂಟು ಮೊಣಕಾಲಿಗೆ ಮಡಚಿ ಓಡುತ್ತಿದ್ದರು. ಎರಡು ವರ್ಷದಲ್ಲಿ ಮೂವತ್ತು ಜನ! ಗೋಡೆಯ ಮೇಲೆ ಕೂತು ನಗುತ್ತಿದ್ದ ಗಂಡುಹುಡುಗರೇ ಚೆಂಡಿಗೆ ಕಾಯುವ ಹಾಗಾಯಿತು. ಝಾನ್ಸಿ ಗೋಲಿನಲ್ಲಿ ನಿಲ್ಲುತ್ತಿದ್ದಳು.

"ಮೊಣಕಾಲು ತರಚಿಕೊಂಡು ಬರ್ತಿ, ನಾಳೆ ಯಾರು ಕೇಳ್ತಾರ ನಿನ್ನ?" ಎಂದು ಮೈಸಮ್ಮ ಬೈಯುತ್ತಿದ್ದಳು. ಗಂಡ ಜಂಬಪ್ಪ ಮಾತ್ರ, "ಇರ್ಲಿ ಬಿಡ, ಹಾರಿ ಹಿಡಿತಾಳಲ್ಲ" ಎಂದು ಮೀಸೆಯೊಳಗೇ ನಗುತ್ತಿದ್ದ.

ತೆಲಂಗಾಣ ಬೇರೆಯಾಗಿ, ಗದ್ವಾಲವೂ ಜಿಲ್ಲೆಯಾಗಿ ಎರಡು ವರ್ಷವಾಗಿತ್ತು. ಮೊದಲಾಗಿದ್ದರೆ ಆಡುವವರು ಹಳೆಯ ಜಿಲ್ಲಾಕೇಂದ್ರ ಪಾಲಮೂರಿಗೆ ಹೋಗಿ ದೊಡ್ಡ ಗುಂಪಿನಲ್ಲಿ ಕಳೆದುಹೋಗಬೇಕಿತ್ತು. ಈಗ ನಮ್ಮ ಜಿಲ್ಲೆಗೇ ಒಂದು ಹುಡುಗಿಯರ ತಂಡ ಬೇಕು. ಸೆಪ್ಟೆಂಬರಿನ ಒಂದು ಶನಿವಾರ ಗದ್ವಾಲದಲ್ಲಿ ಆಯ್ಕೆ. ಅಲ್ಲಿ ಆರಿಸಿದರೆ ಹಾಸ್ಟೆಲಿನಲ್ಲಿಟ್ಟು ಓದಿಸುತ್ತಾರೆ, ಆಡಿಸುತ್ತಾರೆ ಎಂದು ಮೇಡಂ ಹೇಳಿದ ದಿನದಿಂದ ಝಾನ್ಸಿಗೆ ಬೇರೆ ಮಾತೇ ಇರಲಿಲ್ಲ.

ತೊಡಕು ಒಂದೇ. ಆಡುವ ಹನ್ನೊಂದು ಹುಡುಗಿಯರಲ್ಲಿ ಝಾನ್ಸಿಯೂ ಸೇರಿ ಏಳು ಜನ ಮೈಸಮ್ಮನ ತಂಡದವರು. ಉಳಿದ ಆರು ಮನೆಯವರೂ, "ಮೈಸಕ್ಕ ಸಂಗಡ ಬಂದ್ರ ಕಳಸ್ತೀವಿ, ಇಲ್ಲಂದ್ರ ಇಲ್ಲ" ಅಂದುಬಿಟ್ಟರು. ಉಮಾಶ್ರೀ ಮೇಡಂ ಮನೆಗೇ ಬಂದರು.

"ಮೊಗ್ಗು ಕಾಯ್ತಾವೇನ್ರೀ ಮೇಡಂ?" ಎಂದಳು ಮೈಸಮ್ಮ. "ಶುಕ್ರವಾರ ಸುಲಿದದ್ದು ಶನಿವಾರ ಸವರಬೇಕು. ಹೊಲದ ಯಜಮಾನ ಶರಣಯ್ಯನವ್ರಿಗೆ ಮಾತು ಕೊಟ್ಟೀನಿ. ಇನ್ನ ಮೂರು ವಾರ ಐತಿ ಕೆಲಸ."

ಮೇಡಂ ಹೋದ ಮೇಲೆ ಝಾನ್ಸಿ ಜಗಳವಾಡಲಿಲ್ಲ. "ಅವ್ವಾ, ನಿನಗೂ ಹಿಂಗ ಮೊಗ್ಗು ಕಾಯಂಗಿಲ್ಲ ಅಂತ ಶಾಲಿ ಬಿಡಿಸಿದ್ರೇನು?" ಎಂದು ಕೇಳಿದಳು, ಅಷ್ಟೇ. ಮೈಸಮ್ಮನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅವಳು ಆರೂ ಮನೆ ತಿರುಗಿದಳು. "ಹುಡುಗ್ಯಾರು ಆಡಾಕ ಹೋದ್ರ ನೀವು ಹೊಲಕ್ಕ ಬರ್ರಿ, ಅವತ್ತೊಂದಿನ ಸುಲಿಯೋದು ಬ್ಯಾಡ, ಸವರಾಕೇನು ಉಗುರು ಬೇಕಾ?" ಎಂದು ತಾಯಂದಿರನ್ನೇ ಒಪ್ಪಿಸಿದಳು. ಶನಿವಾರ ಬೆಳಿಗ್ಗೆ ಆ ತಾಯಂದಿರಲ್ಲಿ ಒಬ್ಬಳಾದ ಜಮ್ಮುಲಮ್ಮನ ಕೈಗೆ ಹೊಲ ಒಪ್ಪಿಸಿ, ತಾನು ಹುಡುಗಿಯರ ಜೊತೆ ಗದ್ವಾಲದ ಹಾದಿ ಹಿಡಿದಳು.

ಮೈದಾನದಲ್ಲಿ ರೆಫ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈ ಚಾಚಲು ಹೇಳಿದ. ಉಗುರು ಬೆಳೆಸಿಕೊಂಡು ಆಡಿದರೆ ಎದುರಿನವರಿಗೆ ಗೀರುತ್ತದೆ, ಅದಕ್ಕೇ ಈ ತಪಾಸಣೆ. ಮೇಡಂ ಮೊದಲೇ ಹೇಳಿದ್ದರು, ಉಗುರು ಕತ್ತರಿಸಿಕೊಂಡು ಬನ್ನಿ ಎಂದು. ಹುಡುಗಿಯರು ಮಾತು ಮೀರಿರಲಿಲ್ಲ. ಏಳೂ ಜನ ಒಂಬತ್ತು ಉಗುರು ನೀಟಾಗಿ ಕತ್ತರಿಸಿಕೊಂಡು, ಬಲಗೈ ಹೆಬ್ಬೆರಳಿನದೊಂದನ್ನು ಹಾಗೇ ಬಿಟ್ಟುಕೊಂಡು ಬಂದಿದ್ದರು! ಅದು ಉಗುರು ಎಂದು ಅವರಿಗೆ ಹೊಳೆದೇ ಇರಲಿಲ್ಲ. ಕುಡುಗೋಲು ಮನೆಯಲ್ಲಿ ಬಿಟ್ಟು ಬಾ ಎಂದರೆ ಬಿಟ್ಟು ಬಂದಾರು, ಇದನ್ನು ಬಿಟ್ಟು ಬರುವುದು ಹೇಗೆ?

"ಇದೇನಮ್ಮ ಇದು?" ಎಂದು ರೆಫ್ರಿ ಕಣ್ಣರಳಿಸಿದ. "ಕತ್ತರಿಸಿ, ಇಲ್ಲವೇ ಹೊರಗೆ ಕೂರಿ. ಐದು ನಿಮಿಷ ಕೊಡ್ತೀನಿ."

"ನಾ ಗ್ಲೌಸ್ ಹಾಕ್ಕೊಂತೀನಿ ಸಾರ್, ಕಾಣಂಗಿಲ್ಲ" ಎಂದಳು ಝಾನ್ಸಿ. ಅವನು ಅಡ್ಡಡ್ಡ ತಲೆಯಾಡಿಸಿದ.

ಏಳೂ ಹುಡುಗಿಯರು ಗೆರೆಯಾಚೆ ನಿಂತಿದ್ದ ಮೈಸಮ್ಮನ ಕಡೆಗೆ ತಿರುಗಿದರು. ಒಬ್ಬಳು ಅಳುವುದಕ್ಕೇ ಶುರು ಮಾಡಿದಳು. "ಉಗುರಿಲ್ಲಂದ್ರ ನೀ ಆಟೋ ಹತ್ತಸಂಗಿಲ್ಲಲ್ಲ ಮೈಸಕ್ಕಾ..."

ಮೈಸಮ್ಮನಿಗೆ ಶರಣಯ್ಯನವರ ಹೊಲ ಕಣ್ಣಮುಂದೆ ಬಂತು. ಇವತ್ತಿನ ಸವರುವಿಕೆ ಹೇಗೋ ನಡೆದೀತು, ಆದರೆ ನಾಳೆ ಮಧ್ಯಾಹ್ನದಿಂದ ಸುಲಿಯುವವರು ಯಾರು? ಇಪ್ಪತ್ತೆಂಟು ವರ್ಷ ಉಳಿಸಿಕೊಂಡ ಮಾತು ಈ ಐದು ನಿಮಿಷದಲ್ಲಿ ಹೋಗುತ್ತದೆ. ಅತ್ತ ಝಾನ್ಸಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ನಿಂತಿದ್ದಳು.

ಅದನ್ನು ನೋಡಿದಳು ಮೈಸಮ್ಮ. ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ ಅಡಕೊತ್ತು ತೆಗೆದಳು. ಮೊದಲು ತನ್ನ ಉಗುರನ್ನೇ ಅದರ ಬಾಯಿಗೆ ಕೊಟ್ಟು ಕಟ್ ಎನಿಸಿದಳು. ಹುಡುಗಿಯರು ಹೌಹಾರಿದರು.

"ಈಗ ನಂಗೂ ಇಲ್ಲ" ಎಂದಳು. "ನಾ ಹೆಂಗ ಹತ್ತತೀನೋ ನೀವೂ ಹಂಗ ಹತ್ರಿ. ಏನ್ ಮಾರಿ ನೋಡ್ತೀರಿ? ಕೈ ಚಾಚ್ರಿ!"

ಆ ದಿನ ಅವರು ಒಂದು ಗೋಲಿನಿಂದ ಸೋತರು. ಆದರೆ ಝಾನ್ಸಿ ಆರು ಚೆಂಡು ತಡೆದಳು, ಜಿಲ್ಲೆಯ ತಂಡಕ್ಕೆ ಅವಳ ಹೆಸರು ಬಂತು. ಮರುದಿನ ಹುಡುಗಿಯರ ಬದಲಿಗೆ ಸುಲಿಯಲು ಬಂದ ತಾಯಂದಿರ ಕೈ ಓಡಲಿಲ್ಲ, ಅರ್ಧಕ್ಕರ್ಧ ಮೊಗ್ಗು ಕೆಟ್ಟವು. ಶರಣಯ್ಯನವರು ಬದುವಿನ ಮೇಲೆ ನಿಂತು, "ನೀನೂ ಹಿಂಗ ಮಾಡಿದ್ರ ಹೆಂಗ ಮೈಸಮ್ಮಾ?" ಎಂದರು. ಬೈದಿದ್ದರೆ ಅವಳೂ ಎರಡು ಅನ್ನುತ್ತಿದ್ದಳು. ನೊಂದು ಕೇಳಿದ್ದಕ್ಕೆ ಬಗ್ಗಿ ಕೆಟ್ಟ ಮೊಗ್ಗುಗಳನ್ನು ಆರಿಸತೊಡಗಿದಳು. ಹೊಲ ಬೇರೆ ತಂಡಕ್ಕೆ ಹೋಯಿತು.

ಉಗುರೇನು, ಬೆಳೆಯಿತು. ಮುಂದಿನ ವರ್ಷ ಅವಳು ಮತ್ತೆ ತಂಡ ಕಟ್ಟಿದಳು. ಅದರಲ್ಲಿ ಒಬ್ಬಳೂ ಶಾಲೆಯ ಹುಡುಗಿ ಇರಲಿಲ್ಲ. ಝಾನ್ಸಿ ಹಾಸ್ಟೆಲ್ ಸೇರಿದ್ದಳು. ಹೊಲಕ್ಕೆ ಹೋಗದ ದಿನ ಸಂಜೆ ಮೈಸಮ್ಮ ಸುಮ್ಮನೆ ಶಾಲೆಯ ಮೈದಾನಕ್ಕೆ ಹೋಗುತ್ತಿದ್ದಳು. ಕೈ ನೋಡುವ ಕೆಲಸವನ್ನು ಉಮಾಶ್ರೀ ಮೇಡಂ ಅವಳಿಗೇ ವಹಿಸಿಬಿಟ್ಟರು.

ಒಂದು ಸಂಜೆ ನಾಲ್ಕನೇ ಕ್ಲಾಸಿನ ಹೊಸ ಹುಡುಗಿಯೊಬ್ಬಳು ಸಾಲಿನ ಕೊನೆಗೆ ಬಂದು ಕೈ ಚಾಚಿದಳು. ಹೆಬ್ಬೆರಳಿನ ಉಗುರು ಉದ್ದಕ್ಕಿತ್ತು. ಚಲೋ ಉಗುರು. ಮೈಸಮ್ಮ ಆ ಪುಟ್ಟ ಹೆಬ್ಬೆರಳನ್ನು ಬಹಳ ಹೊತ್ತು ಹಿಡಿದುಕೊಂಡೇ ಕೂತಳು.

"ಕತ್ತರಿಸಿದ್ರ ಅಪ್ಪ ಬೈತಾನ" ಎಂದಿತು ಮಗು.

"ಮೈಸಮ್ಮ ಕತ್ತರಿಸಿದ್ಲು ಅಂತ ಹೇಳು" ಎಂದು ಅವಳು ಸಂಚಿಗೆ ಕೈ ಹಾಕಿದಳು.