ಇಳಿದು ಹೋಗೋಣ ಎಂದವಳು ಮಹಾದೇವಿ

ಮಹಾದೇವಿ ಹಟ ಮಾಡಲಿಲ್ಲ. ಹಟ ಮಾಡಿದವಳು ನಾನು. ನಿಡೋಣಿಯ ಅವಳ ಮನೆಯಲ್ಲಿ, ನಮ್ಮ ಗೆಳತಿಯರ ನಡುವೆ, ನಾವು ಓದಿದ ಕಾಲೇಜಿನಲ್ಲಿ — ಎಲ್ಲ ಕಡೆ ನಾನು ಹೇಳಿದ್ದು ಇದನ್ನೇ ತಿರುವುಮುರುವು ಮಾಡಿ. ಹಿಂದಿರುಗೋಣ ಎಂದು ನಾನು ಬೇಡಿಕೊಂಡೆ, ಅವಳು ಕೇಳಲಿಲ್ಲ ಎಂದೆ. ಸತ್ತವಳು ಎದ್ದು ಬಂದು ಅಲ್ಲಗಳೆಯುವುದಿಲ್ಲ ಎಂಬ ಧೈರ್ಯದಿಂದಲೇ ಹೇಳಿದೆ.

ಮಹಾದೇವಿ, ರೇಖಾ, ನಾನು ವಿಜಯಪುರದಲ್ಲಿ ಒಟ್ಟಿಗೆ ಬಿ.ಎಡ್. ಓದಿದವರು. ಮಹಾದೇವಿ ನಿಡೋಣಿಯಿಂದ ಬಸ್ಸಿಗೆ ಬರುತ್ತಿದ್ದಳು, ನಾನು ತಿಕೋಟಾದಿಂದ. ರೇಖಾಳದು ವಿಜಯಪುರದಲ್ಲೇ ಮನೆ. ಸಂಜೆ ಬಸ್ಸಿಗೆ ಇನ್ನೂ ಹೊತ್ತಿದ್ದರೆ ಗೋಳಗುಮ್ಮಟದ ಹತ್ತಿರ ಚುರುಮರಿ ಕಟ್ಟಿಸಿಕೊಂಡು ಹುಲ್ಲಿನ ಮೇಲೆ ಕೂರುತ್ತಿದ್ದೆವು. ಪಾಠ ಮಾಡುವುದರಲ್ಲಿ ಮಹಾದೇವಿಯನ್ನು ಮೀರಿಸುವವರಿರಲಿಲ್ಲ. ಅಭ್ಯಾಸ ಪಾಠಕ್ಕೆ ಅವಳು ನಿಂತರೆ ಗದ್ದಲದ ಹುಡುಗರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಾನು ಯಾವಾಗಲೂ ಅವಳ ಹಿಂದೆ. ಅವಳಿಗೆ ಅದರ ಅರಿವೇ ಇರಲಿಲ್ಲ. ನನಗೆ ಇತ್ತು.

ಓದು ಮುಗಿದ ಮೇಲೆ ಅವಳು ಬಬಲೇಶ್ವರದ ಒಂದು ಶಾಲೆಗೆ ಸೇರಿದಳು. ನಾನು ಒಂದು ಸಂಸ್ಥೆಯ ಮೂಲಕ ನೇಪಾಳದ ಬೆಟ್ಟದೂರೊಂದಕ್ಕೆ ಸ್ವಯಂಸೇವಕ ಶಿಕ್ಷಕಿಯಾಗಿ ಹೋದೆ. ಸಂಬಳವಿಲ್ಲ, ಊಟ ವಸತಿ ಮಾತ್ರ. ಊರಿನವರು ಸೇವೆ ಎಂದು ಹೊಗಳಿದರು. ಸೇವೆಯೂ ಇದ್ದೀತು — ಆದರೆ ಮಹಾದೇವಿ ಮಾಡದ ಒಂದು ಕೆಲಸವನ್ನು ನಾನು ಮಾಡಿ ತೋರಿಸಬೇಕಿತ್ತು. ಅದನ್ನು ಆಗ ಯಾರಿಗೂ ಹೇಳಲಿಲ್ಲ.

ಅಲ್ಲಿ ನಾನು ಒಳ್ಳೆಯ ಶಿಕ್ಷಕಿಯಾಗಿರಲಿಲ್ಲ. ನನ್ನ ಮುರುಕು ಹಿಂದಿ, ಅವರ ನೇಪಾಳಿ. ಮಕ್ಕಳು ಕೂರುತ್ತಿದ್ದರು, ಬರೆದುಕೊಳ್ಳುತ್ತಿದ್ದರು, ಗಂಟೆ ಬಾರಿಸಿದೊಡನೆ ಓಡುತ್ತಿದ್ದರು. ಫೋನಿನಲ್ಲಿ ಮಾತ್ರ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ. ದಸರಾ ರಜೆಗೆ ಬನ್ನಿ, ಹಿಮದ ಬೆಟ್ಟ ತೋರಿಸುತ್ತೇನೆ ಎಂದು ನಾನೇ ಕರೆದೆ. ರೈಲು, ಬಸ್ಸು, ಜೀಪು ಹತ್ತಿ ಮಹಾದೇವಿ, ರೇಖಾ ಇಬ್ಬರೂ ಬಂದರು. ಮಹಾದೇವಿಯ ಚೀಲದ ತುಂಬ ಅವಳ ತಾಯಿ, ನಾವು ಕಾಕು ಎನ್ನುತ್ತಿದ್ದ ಗಂಗವ್ವ, ಬಡಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ.

ಶಾಲೆಗೆ ರಜೆ ಬಿಡುವ ಮುಂಚಿನ ದಿನ ಅವಳು ನನ್ನ ತರಗತಿಗೆ ಸುಮ್ಮನೆ ಬಂದು ಕೂತಿದ್ದಳು. ಆಮೇಲೆ ಎದ್ದು ನಿಂತಳು. ಭಾಷೆ ಬರದು, ಕೈ, ಕಣ್ಣು, ಎರಡು ಹಿಡಿ ಕಲ್ಲು, ಅಷ್ಟರಲ್ಲೇ ಭಾಗಾಕಾರ ಕಲಿಸಿಬಿಟ್ಟಳು. ಮಕ್ಕಳು ನಗುತ್ತಿದ್ದರು. ನನ್ನ ತರಗತಿಯಲ್ಲಿ ಅವರು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ಹೊರಗೆ ಬಂದವಳು ನನ್ನ ಹೆಗಲ ಮೇಲೆ ಕೈ ಹಾಕಿ, "ಎಷ್ಟ ಚಲೋ ಹುಡುಗೋರ ಅದಾವಬೇ ನಿನ್ನೂವು!" ಎಂದಳು. ನಾನೂ ನಕ್ಕೆ. ಒಳಗೆ ಏನಾಯಿತೆಂದು —

ಮರುದಿನ ಬೆಟ್ಟದ ಮೇಲಿನ ಕೆರೆಯೊಂದನ್ನು ನೋಡಲು ಹೊರಟೆವು. ಕಾಲಿಗೆ ಬೊಬ್ಬೆ ಎದ್ದು ರೇಖಾ ನಡುದಾರಿಯ ಹಳ್ಳಿಯಲ್ಲೇ ಉಳಿದಳು. ನಾವಿಬ್ಬರೇ ಮುಂದೆ ಹೋದೆವು. ಬೆಟ್ಟದೂರಿನಲ್ಲಿ ತಿಂಗಳುಗಟ್ಟಲೆ ಇದ್ದ ನನಗೆ ಉಸಿರು ಸಲೀಸು. ಬಯಲುಸೀಮೆಯಿಂದ ಈಗಷ್ಟೇ ಬಂದ ಮಹಾದೇವಿ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದಳು. ನಾನು ಮುಂದೆ, ಅವಳು ಹಿಂದೆ. ಅದು ನನಗೆ ಇಷ್ಟವಾಯಿತು. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು — ಅವಳು ಏದುಸಿರು ಬಿಡುವುದು ನನಗೆ ಇಷ್ಟವಾಯಿತು.

ಮಧ್ಯಾಹ್ನದ ಹೊತ್ತಿಗೆ ದಾರಿಯ ಪಕ್ಕದ ತಂಗುಮನೆ ಸೇರಿದೆವು. ಅವಳು ವಾಂತಿ ಮಾಡಿಕೊಂಡಳು. ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

"ಸರೋಜಾ, ನನ್ನ ಕೈಲೆ ಆಗಂಗಿಲ್ಲಬೇ. ತಲಿ ಸಿಡಿಯಾಕತ್ತೈತಿ. ಇಳದ ಹೋಗೂಣು."

"ಇಷ್ಟ ದೂರ ಬಂದು ಯಾರರ ಹೊಳ್ಳತಾರೇನ? ನಾಳಿ ಮುಂಜಾನಿ ಕೆರಿ ನೋಡೇ ಹೋಗೂಣು. ನಾ ಇಲ್ಲೇ ಇರಾಕಿ, ನನಗ ಗೊತ್ತಿಲ್ಲೇನ?"

ಅವಳು ನನ್ನ ಮುಖ ನೋಡಿದಳು. "ಹಂಗಾರ ನೀ ಹೇಳಿದಂಗ," ಎಂದಳು. ಹಟಮಾರಿಯಾಗಿದ್ದರೆ ಬದುಕುತ್ತಿದ್ದಳು. ನನ್ನನ್ನು ನಂಬಿದಳು. ಎತ್ತರಕ್ಕೆ ಹೊಸಬರಿಗೆ ತಲೆನೋವು ಬಂದರೆ ಕೂಡಲೇ ಕೆಳಗಿಳಿಯಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದು ಶಾಲೆಗೆ ಸೇರಿದ ದಿನವೇ ನನಗೆ ಹೇಳಿದ್ದರು. ಗೊತ್ತಿದ್ದೇ ಇಳಿಯುವುದು ಬೇಡ ಎಂದೆ.

ಬೆಳಿಗ್ಗೆ ಅವಳಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಮಾತು ತೊದಲುತ್ತಿತ್ತು. ತಂಗುಮನೆಯವರು ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯತೊಡಗಿದರು. ನಾನು ಪಕ್ಕದಲ್ಲಿ ಓಡುತ್ತಿದ್ದೆ. ರೇಖಾ ಇದ್ದ ಹಳ್ಳಿ ಕಾಣುವಷ್ಟು ಹತ್ತಿರ ಬಂದಾಗ ಅವರು ನಿಂತರು. ಅವಳನ್ನು ಹುಲ್ಲಿನ ಮೇಲೆ ಇಳಿಸಿದರು. ಮತ್ತೆ ಎತ್ತಿಕೊಳ್ಳಲಿಲ್ಲ.

ರೇಖಾ ಓಡಿ ಬಂದು, "ಏನಾತ? ಯಾಕ ಹೊಳ್ಳಲಿಲ್ಲ ನೀವು?" ಎಂದು ಕಿರುಚಿದಳು. ಮೊದಲ ಸುಳ್ಳು ಅಲ್ಲಿಯೇ ಹುಟ್ಟಿತು. ಯೋಚಿಸಿ ಹೇಳಿದ್ದಲ್ಲ. ಆದರೆ ಆಮೇಲೆ ಹೇಳಿದ್ದೆಲ್ಲ ಯೋಚಿಸಿಯೇ.

ಅವಳ ಅಣ್ಣ ಬಂದು ಅಲ್ಲಿಯೇ ಸಂಸ್ಕಾರ ಮುಗಿಸಿದ. ಗಂಗವ್ವ ಕಾಕುಗೆ ಮಗಳ ಮುಖವನ್ನು ಕೊನೆಯ ಸಲ ನೋಡಲೂ ಆಗಲಿಲ್ಲ. ನಾನು ನಿಡೋಣಿಗೆ ಹೋದಾಗ ಹೊಸ್ತಿಲಲ್ಲೇ ನನ್ನ ಕೈ ಹಿಡಿದರು. "ಹೆಂಗಾತ ಯವ್ವಾ?"

"ನಾ ಹೊಳ್ಳೂಣು ಅಂದ್ನಿರಿ ಕಾಕು. ಆಕಿ ಕೇಳಲಿಲ್ಲ. ಕೆರಿ ನೋಡೇ ಬರತೇನಿ ಅಂತ ಹಟಾ ಹಿಡದಳು."

ನನ್ನ ಬಾಯಿಯ ಮಾತನ್ನು ಅವಳ ಬಾಯಿಗೆ ಹಾಕಿದೆ. ಕಾಕು ಎದೆ ಬಡಿದುಕೊಂಡರು. "ಸಣ್ಣಾಕಿದ್ದಾಗಿಂದ ಹಂಗ ಆಕಿ. ಆಕಿ ಹಟಾನ ಆಕೀನ್ನ ತಿಂತು ನೋಡ."

ನಾನು ನೇಪಾಳಕ್ಕೆ ಮತ್ತೆ ಹೋಗಲಿಲ್ಲ. ವಿಜಯಪುರದ ಒಂದು ಖಾಸಗಿ ಶಾಲೆ ಸೇರಿದೆ. ಪ್ರತಿ ವರ್ಷ ಮಹಾದೇವಿ ತೀರಿಕೊಂಡ ದಿನಕ್ಕೆ ನಿಡೋಣಿಗೆ ಹೋಗುತ್ತಿದ್ದೆ. ಕಾಕು ಎಡೆ ಇಟ್ಟು, ಫೋಟೋದ ಮುಂದೆ ಕೂತು ಮಗಳನ್ನು ಬೈಯುತ್ತಿದ್ದರು — "ಯಾರ ಮಾತ ಕೇಳಿದಿ ನೀ? ಹೇಳ, ಯಾರ ಮಾತ ಕೇಳಿದಿ?" ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಊಟ ಮಾಡಿ ಬರುತ್ತಿದ್ದೆ.

ಅಷ್ಟರಲ್ಲಿ ಮಹಾದೇವಿಯ ಅಣ್ಣನ ಮಗಳು ಪೂರ್ಣಿಮಾ ಬೆಳೆದು ದೊಡ್ಡವಳಾಗಿದ್ದಳು. ಅವಳಿಗೂ ಅತ್ತೆಯಂತೆ ಪಾಠ ಹೇಳುವ ಹುಚ್ಚು. ಮುಂದೆ ಓದಲು ಮೈಸೂರಿನಲ್ಲಿ ಸೀಟು ಸಿಕ್ಕಿತು. ಕಾಕು ಬೇಡವೇ ಬೇಡ ಎಂದರು. ಹುಡುಗಿ ಅತ್ತಳು, ಊಟ ಬಿಟ್ಟಳು. ಕಾಕು ನನ್ನನ್ನು ಕರೆಸಿದರು.

"ಈಕಿಗೊಂದಿಷ್ಟ ಹೇಳಬೇ ಸರೋಜಾ. ನಿನ್ನ ಮಾತ ಕೇಳಲಾರದ ಆಕಿ ಏನಾದಳು ಅಂತ ಹೇಳ."

ಪೂರ್ಣಿಮಾ ನನ್ನನ್ನೇ ನೋಡುತ್ತಿದ್ದಳು. "ಅತ್ತಿ ಖರೇನ ಹಂಗ ಮಾಡಿದ್ಲೇನ್ರಿ?"

ಒಂದು ಮಾತು ಸಾಕಿತ್ತು. ಇಲ್ಲ ಎಂದರೆ ಸಾಕಿತ್ತು.

"ಹೂಂ," ಎಂದೆ.

ಅವಳು ಮೈಸೂರಿಗೆ ಹೋಗಲಿಲ್ಲ. ಹೊನವಾಡದ ಗಂಡು ನೋಡಿ ಮದುವೆ ಮಾಡಿದರು. ಮದುವೆಯಲ್ಲಿ ಕಾಕು ಬೀಗರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದರು: "ಈಕಿ ನಮ್ಮ ಮಹಾದೇವಿಯಂಗಲ್ಲರಿ. ಹೇಳಿದ ಮಾತ ಕೇಳತಾಳ." ಪೂರ್ಣಿಮಾ ತಲೆ ಬಗ್ಗಿಸಿಕೊಂಡು ಕೂತಿದ್ದಳು. ನಾನು ಊಟ ಮಾಡದೆ ಬಂದೆ.

ಮುಂದಿನ ಭಾನುವಾರ ನಿಡೋಣಿಗೆ ಹೋದೆ. ಕಾಕು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅಂಗಡಿಗಳಿಗೆ ಕೊಡುವ ರೊಟ್ಟಿ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಅವರು ಅದರತ್ತ ನೋಡಲಿಲ್ಲ.

"ಅಂದ್ರ ಆಕಿ ಹೊಳ್ಳೂಣು ಅಂದಿದ್ಲು?"

"ಹೂಂರಿ ಕಾಕು."

"ನೀ ಬ್ಯಾಡ ಅಂದಿ."

"ಹೂಂರಿ."

ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆಯಲಿ ಎಂದು ಆಸೆಪಟ್ಟಿದ್ದೆ. ಅವರು ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ಇಷ್ಟ ವರ್ಷ ತಪ್ಪಿಲ್ಲದಾಕಿನ್ನ ಬೈಕೋತ ಬಂದೇನಲ್ಲಬೇ. ಎಡಿ ಮುಂದ ಕುಂತು ಬೈದೇನಿ. ಈಗ ನಾ ಯಾರ ಮುಂದ ಹೋಗಿ ತಪ್ಪಾತು ಅನ್ಲಿ?"

ಕಾಕು ಸೀದ ರೊಟ್ಟಿಯನ್ನು ಹಂಚಿನಿಂದ ಕಿತ್ತು ಪಕ್ಕಕ್ಕೆ ಒಗೆದರು.

"ಎದ್ದ ಹೋಗ. ಇನ್ನ ಬರಬ್ಯಾಡ."

ಪೂರ್ಣಿಮಾಳಿಗೆ ಫೋನ್ ಮಾಡಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಈಗ ಹೇಳಿದ್ರ ನಾ ಏನ ಮಾಡ್ಲಿರಿ?" ಎಂದು ಫೋನ್ ಇಟ್ಟಳು. ರೇಖಾಳಿಗೂ ಹೇಳಿದೆ. ನನ್ನಿಂದ ಆ ಸುಳ್ಳು ಕೇಳಿದ ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕ್ಷಮೆ ಕೇಳುತ್ತಿಲ್ಲ. ನನ್ನ ವಯಸ್ಸು, ಭಯ, ಅವಸರ — ಯಾವುದನ್ನೂ ಮುಂದೆ ಮಾಡುವುದಿಲ್ಲ.

ಈ ವರ್ಷ ಮಹಾದೇವಿಯ ದಿನಕ್ಕೆ ರೇಖಾ ಒಬ್ಬಳೇ ಹೋಗಿಬಂದಳು. ಕಾಕು ಎಡೆ ಇಟ್ಟರಂತೆ. ಫೋಟೋದ ಮುಂದೆ ಕೂತರಂತೆ. ಬಾಯಿ ತೆರೆದು, ಏನೂ ಹೇಳಲಾಗದೆ, ಹಾಗೇ ಎದ್ದು ಒಳಗೆ ಹೋದರಂತೆ.

ಬೈಯುತ್ತಿದ್ದಾಗಲಾದರೂ ಅವರು ಮಗಳ ಜೊತೆ ಮಾತಾಡುತ್ತಿದ್ದರು.